ಬಡ್ತಿಗೆ ಹೊಸ ವಿದ್ಯಾರ್ಹತೆ: ವಿಧಾನಸಭೆಯನ್ನು ಕೇಳದೆ ಸರ್ಕಾರ ನಿಗದಿಪಡಿಸಬಹುದೇ?

ಪ್ರಶ್ನೆ: ನಾನು ಡಿಪ್ಲೊಮಾ ಆಧಾರದ ಮೇಲೆ ರಾಜ್ಯ ಸರ್ಕಾರದ ಸೇವೆಗೆ ಸೇರಿದ ಎಂಜಿನಿಯರ್. ಹದಿನಾಲ್ಕು ವರ್ಷ ಸೇವೆಯಾಗಿದೆ. ಈಗ ನಮ್ಮ ವೃಂದ ಮತ್ತು ನೇಮಕಾತಿ ನಿಯಮಗಳ ತಿದ್ದುಪಡಿಗೆ ಕರಡು ಪ್ರಕಟವಾಗಿದ್ದು, ಮುಂದಿನ ಬಡ್ತಿಗೆ ಪದವಿ ಕಡ್ಡಾಯವೆಂದು ಅದರಲ್ಲಿದೆ. ಸದನದಲ್ಲಿ ಈ ಬಗ್ಗೆ ಒಂದು ಮಾತೂ ಚರ್ಚೆಯಾಗಿಲ್ಲ. ಇದು ಊರ್ಜಿತವೇ? ಜೊತೆಗೆ, ನಮ್ಮ ಕ್ಷೇತ್ರದ ಶಾಸಕರು ಖಾಸಗಿ ವಿಧೇಯಕ ತಂದು ನಮ್ಮ ವೇತನ ಶ್ರೇಣಿಯನ್ನು ಏರಿಸಬಹುದೇ?

ಉತ್ತರ: ಮೊದಲನೆಯದಕ್ಕೆ ಉತ್ತರ ಹೌದು, ಊರ್ಜಿತ. ಎರಡನೆಯದಕ್ಕೆ, ಶಾಸಕರು ಒಬ್ಬರೇ ನಿಂತು ಮಾಡುವ ಕೆಲಸ ಅದಲ್ಲ. ಎರಡೂ ನಿಮಗೆ ಹಿತವಾದ ಉತ್ತರಗಳಲ್ಲ ಎಂಬುದು ಗೊತ್ತು.

ಸಂವಿಧಾನದ 309ನೇ ವಿಧಿಯನ್ನು ಓದಿದರೆ ನಿಮ್ಮ ಸಂಶಯ ಸಹಜವೆನಿಸುತ್ತದೆ. ಸರ್ಕಾರಿ ನೌಕರರ ನೇಮಕಾತಿಯನ್ನೂ ಸೇವಾ ಷರತ್ತುಗಳನ್ನೂ ನಿಯಂತ್ರಿಸುವ ಅಧಿಕಾರವನ್ನು ಅದು ಶಾಸಕಾಂಗಕ್ಕೇ ಕೊಟ್ಟಿದೆ. ಅಂಥ ಕಾನೂನು ಬರುವವರೆಗೆ ರಾಜ್ಯಪಾಲರು ನಿಯಮ ರಚಿಸಬಹುದು ಎಂಬ ಪರಂತುಕವೂ, ಅಂದರೆ ಜೊತೆಗೆ ಸೇರಿಸಿದ ಉಪವಾಕ್ಯವೂ, ಅಲ್ಲಿಯೇ ಇದೆ. ತಾತ್ಕಾಲಿಕವೆಂದು ಬರೆದ ಆ ಪರಂತುಕದ ನೆರಳಿನಲ್ಲೇ ಹಲವು ಸೇವೆಗಳು ದಶಕಗಳ ಕಾಲ ನಡೆದುಬಂದಿವೆ. ನಮ್ಮ ರಾಜ್ಯದಲ್ಲಿ ಕಾನೂನೇನೋ ಬಂದಿದೆ: ಕರ್ನಾಟಕ ರಾಜ್ಯ ಸಿವಿಲ್ ಸೇವೆಗಳ ಅಧಿನಿಯಮ, 1978. (ಹೆಸರಿನಲ್ಲಿ 1978 ಇದ್ದರೂ ಅದು 1990ರ 14ನೇ ಅಧಿನಿಯಮ. ಕಡತ ಎಷ್ಟು ನಿಧಾನವಾಗಿ ನಡೆಯಿತೆಂಬುದಕ್ಕೆ ಬೇರೆ ಸಾಕ್ಷಿ ಬೇಡ.) ಆದರೆ ಯಾವ ಹುದ್ದೆಗೆ ಯಾವ ವಿದ್ಯಾರ್ಹತೆ ಬೇಕೆಂದು ಈ ಕಾನೂನು ತಾನೇ ಹೇಳುವುದಿಲ್ಲ, 3ನೇ ಪ್ರಕರಣದ (ಸೆಕ್ಷನ್) ಮೂಲಕ ನಿಯಮ ರಚಿಸುವ ಅಧಿಕಾರವನ್ನು ಸರ್ಕಾರಕ್ಕೆ ವಹಿಸುತ್ತದೆ. ಅಂದರೆ ಶಾಸಕಾಂಗ ತನ್ನ ಲೇಖನಿಯನ್ನು ತಾನೇ ಸರ್ಕಾರದ ಕೈಗೆ ಕೊಟ್ಟಿದೆ. ಬೇಕಾದಾಗ ಹಿಂದಕ್ಕೆ ಪಡೆಯಬಹುದು, ಏಕೆಂದರೆ ಕಾಯಿದೆಯ ಮುಂದೆ ನಿಯಮ ನಿಲ್ಲುವುದಿಲ್ಲ. ಹಾಗೆ ಹಿಂದಕ್ಕೆ ಪಡೆಯುವುದು ಅಪರೂಪ.

ಇನ್ನು ನಿಮ್ಮ ಬಡ್ತಿಯ ವಿಷಯ. ಇದೇ ಬಗೆಯ ಜಗಳ 1974ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದಿತ್ತು. ಜಮ್ಮು ಮತ್ತು ಕಾಶ್ಮೀರದ ಎಂಜಿನಿಯರಿಂಗ್ ಸೇವೆಯಲ್ಲಿ ಡಿಪ್ಲೊಮಾದವರೂ ಪದವೀಧರರೂ ಒಂದೇ ವೃಂದದಲ್ಲಿ ಸಹಾಯಕ ಎಂಜಿನಿಯರ್‌ಗಳಾಗಿದ್ದರು. ಕಾರ್ಯನಿರ್ವಾಹಕ ಎಂಜಿನಿಯರ್ ಹುದ್ದೆಗೆ ಬಡ್ತಿ ಪದವೀಧರರಿಗೆ ಮಾತ್ರ ಎಂದಿತು ನಿಯಮ. ತ್ರಿಲೋಕಿನಾಥ್ ಖೋಸಾ ಪ್ರಕರಣದಲ್ಲಿ ನ್ಯಾಯಾಲಯ ಆ ನಿಯಮವನ್ನು ಎತ್ತಿಹಿಡಿಯಿತು. ಆಡಳಿತದ ದಕ್ಷತೆಗಾಗಿ ವಿದ್ಯಾರ್ಹತೆಯ ಮೇಲೆ ವರ್ಗೀಕರಣ ಮಾಡುವುದು ಸಮಾನತೆಯ ಉಲ್ಲಂಘನೆಯಲ್ಲ ಎಂಬುದು ಅದರ ತಿರುಳು. ಹುದ್ದೆ ಹಳೆಯ ನಿಯಮ ಜಾರಿಯಲ್ಲಿದ್ದಾಗಲೇ ಖಾಲಿಯಾಗಿತ್ತು ಎಂಬ ವಾದವನ್ನೂ ನೆಚ್ಚಿಕೊಳ್ಳಬೇಡಿ. 1983ರ ರಂಗಯ್ಯ ತೀರ್ಪನ್ನು ಆಧರಿಸಿ ನೌಕರರು ವರ್ಷಗಟ್ಟಲೆ ಹಾಗೆ ವಾದಿಸಿ ಗೆಲ್ಲುತ್ತಿದ್ದರು. 2022ರಲ್ಲಿ ಹಿಮಾಚಲ ಪ್ರದೇಶದ ರಾಜ್‌ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆ ಬಾಗಿಲನ್ನು ಮುಚ್ಚಿತು. ನಿಮಗಿರುವುದು ಬಡ್ತಿಯ ಹಕ್ಕಲ್ಲ, ಆ ಹೊತ್ತಿನ ನಿಯಮದಂತೆ ಬಡ್ತಿಗೆ ಪರಿಗಣಿಸಲ್ಪಡುವ ಹಕ್ಕು. ಹಾಗೆಂದು ಸರ್ಕಾರದ ಕೈ ಎಲ್ಲೆಡೆಗೂ ಚಾಚುವುದಿಲ್ಲ. ಈಗಾಗಲೇ ಕೊಟ್ಟ ಬಡ್ತಿಯನ್ನೋ ದಕ್ಕಿದ ಪಿಂಚಣಿಯನ್ನೋ ಹಿಂದಿನ ದಿನಾಂಕದಿಂದ ಅನ್ವಯಿಸುವ (ಪೂರ್ವಾನ್ವಯ) ತಿದ್ದುಪಡಿಯಿಂದ ಕಿತ್ತುಕೊಳ್ಳುವಂತಿಲ್ಲ. ರೈಲ್ವೆ ನೌಕರರ ಪಿಂಚಣಿಗೆ ಸಂಬಂಧಿಸಿದ 1997ರ ರಂಗಧಾಮಯ್ಯ ತೀರ್ಪು ಇದನ್ನು ಖಚಿತಪಡಿಸಿದೆ.

ಶಾಸಕಾಂಗಕ್ಕೂ ದಾಟಲಾಗದ ಗೆರೆಗಳಿವೆ. ಸರ್ಕಾರಿ ಹುದ್ದೆಗೆ ಇಂಥ ರಾಜ್ಯದ ನಿವಾಸಿಯೇ ಆಗಿರಬೇಕೆಂಬ ಅರ್ಹತೆಯನ್ನು ವಿಧಿಸಬೇಕಿದ್ದರೆ 16(3)ನೇ ವಿಧಿಯ ಪ್ರಕಾರ ಸಂಸತ್ತೇ ಕಾನೂನು ಮಾಡಬೇಕು, ವಿಧಾನಸಭೆಯಲ್ಲ. ಸದನದಲ್ಲಿ ಮೇಜು ಕುಟ್ಟುವವರು ಇದನ್ನು ಮರೆಯುವುದುಂಟು.

ವೇತನದ ಪ್ರಶ್ನೆಗೆ ಬರೋಣ. ನಿಮ್ಮ ಸಂಬಳ ಪ್ರತಿ ವರ್ಷ ಸದನದ ಮುಂದೆ ಅನುದಾನ ಬೇಡಿಕೆಯಾಗಿ ಬರುತ್ತದೆ. 203ನೇ ವಿಧಿಯಂತೆ ವಿಧಾನಸಭೆ ಅದನ್ನು ಒಪ್ಪಬಹುದು, ನಿರಾಕರಿಸಬಹುದು, ಇಲ್ಲವೇ ಕಡಿಮೆ ಮಾಡಬಹುದು. ಹೆಚ್ಚಿಸಬಹುದು ಎಂಬ ಪದ ಅಲ್ಲಿಲ್ಲ! ರಾಜ್ಯಪಾಲರ ಶಿಫಾರಸಿಲ್ಲದೆ ಯಾವ ಬೇಡಿಕೆಯನ್ನೂ ಮಂಡಿಸುವಂತಿಲ್ಲ. ಸಂಚಿತ ನಿಧಿಗೆ, ಅಂದರೆ ರಾಜ್ಯದ ಖಜಾನೆಗೆ, ಹೊರೆಯಾಗುವ ವಿಧೇಯಕವನ್ನೂ ರಾಜ್ಯಪಾಲರ ಶಿಫಾರಸಿಲ್ಲದೆ ಅಂಗೀಕರಿಸುವಂತಿಲ್ಲ ಎನ್ನುತ್ತದೆ 207(3)ನೇ ವಿಧಿ. ರಾಜ್ಯಪಾಲರೆಂದರೆ ಇಲ್ಲಿ ಸಚಿವ ಸಂಪುಟದ ಸಲಹೆ. ಸಂಪುಟದ ಹಿಂದೆ ಆರ್ಥಿಕ ಇಲಾಖೆ. ನಿಮ್ಮ ಶಾಸಕರ ಖಾಸಗಿ ವಿಧೇಯಕ ಅಲ್ಲಿಯೇ ನಿಂತುಬಿಡುತ್ತದೆ.

7ನೇ ರಾಜ್ಯ ವೇತನ ಆಯೋಗದ ಶಿಫಾರಸುಗಳ ಹಾದಿಯನ್ನೇ ನೆನಪಿಸಿಕೊಳ್ಳಿ. ಆಯೋಗದ ಮಾತು ಸರ್ಕಾರವನ್ನು ಕಟ್ಟಿಹಾಕುವುದಿಲ್ಲ. ಸಂಪುಟ ಒಪ್ಪಿದ ಮೇಲೆ 2024ರ ಆಗಸ್ಟ್ 1ರಿಂದ ಕನಿಷ್ಠ ಮೂಲ ವೇತನ 17,000 ರೂಪಾಯಿಯಿಂದ 27,000 ರೂಪಾಯಿಗೆ ಏರಿತು. ಅದನ್ನು ಜಾರಿಗೆ ತಂದದ್ದು ಪರಿಷ್ಕೃತ ವೇತನ ನಿಯಮಗಳು. ಶಾಸಕರು ಪ್ರಶ್ನೆ ಕೇಳಬಹುದು, ಬೇಡಿಕೆಯ ಮೊತ್ತ ತಗ್ಗಿಸಿ ಎನ್ನುವ ಕಡಿತ ಸೂಚನೆ ತಂದು ಸರ್ಕಾರವನ್ನು ಮಾತನಾಡಿಸಬಹುದು. ನನ್ನ ಮಟ್ಟಿಗೆ ಖಾಸಗಿ ವಿಧೇಯಕಕ್ಕಿಂತ ಅದೇ ಹೆಚ್ಚು ಫಲ ಕೊಡುವ ದಾರಿ.

ನೀವು ಕಳುಹಿಸಬೇಕಾದ ಪತ್ರ ಶಾಸಕರಿಗಿಂತ ಮೊದಲು ಇಲಾಖೆಗೆ ಹೋಗಬೇಕು. ನಿಮ್ಮ ಮುಂದಿರುವುದು ಇನ್ನೂ ಕರಡು. 1978ರ ಅಧಿನಿಯಮದ 3ನೇ ಪ್ರಕರಣ ಕರಡನ್ನು ಮೊದಲೇ ಪ್ರಕಟಿಸಿ ಆಕ್ಷೇಪಣೆ ಕರೆಯಬೇಕೆನ್ನುವುದು ನಿಮ್ಮಂಥವರಿಗಾಗಿಯೇ. ರಾಜ್ಯಪತ್ರದಲ್ಲಿ ಪ್ರಕಟವಾದ ದಿನಾಂಕವನ್ನೂ ಕೊಟ್ಟ ಗಡುವನ್ನೂ ಇವತ್ತೇ ನೋಡಿ. ತಿದ್ದುಪಡಿಯನ್ನೇ ಕೈಬಿಡಿ ಎಂದು ಬರೆದರೆ ಅದು ಕಡತದಲ್ಲಿ ಮಲಗುತ್ತದೆ. ಈಗಾಗಲೇ ಸೇವೆಯಲ್ಲಿರುವ ಡಿಪ್ಲೊಮಾದವರಿಗೆ ಪದವಿ ಪಡೆಯಲು ಕಾಲಾವಕಾಶ ಕೊಡಿ, ಅಥವಾ ಬಡ್ತಿಯಲ್ಲಿ ಒಂದು ಪಾಲನ್ನು ದೀರ್ಘ ಸೇವೆಯುಳ್ಳವರಿಗೆ ಉಳಿಸಿ ಎಂದು ಕೇಳಿ. ವೃಂದದಲ್ಲಿ ಎಷ್ಟು ಮಂದಿ ಡಿಪ್ಲೊಮಾದವರು, ಎಷ್ಟು ಮಂದಿ ಪದವೀಧರರು, ಇದುವರೆಗೆ ಆ ಮೇಲಿನ ಹುದ್ದೆಯನ್ನು ಯಾರು ನಿರ್ವಹಿಸಿದ್ದಾರೆ ಎಂಬ ಲೆಕ್ಕವನ್ನು ಲಗತ್ತಿಸಿ. ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳುವುದನ್ನು ಮರೆಯಬೇಡಿ. ಆಕ್ಷೇಪಣೆಯನ್ನು ಪರಿಶೀಲಿಸದೆಯೇ ಅಂತಿಮ ಅಧಿಸೂಚನೆ ಹೊರಬಿದ್ದರೆ ಆ ಮುದ್ರೆಯೇ ನಿಮ್ಮ ವಕೀಲರು ಮೊದಲು ಕೇಳುವ ಕಾಗದ.