ವಾದ ಎಂಟನೇ ಪುಟದಲ್ಲಿದೆ

ಡೊಂಬಿವಲಿಯ ಓದುಗರೊಬ್ಬರು ಬರೆಯುತ್ತಾರೆ: "ಮುಂಬಯಿಯ ಕನ್ನಡ ರಾತ್ರಿ ಶಾಲೆಗಳ ಬಗ್ಗೆ ಪಿಎಚ್.ಡಿ. ಮಾಡುತ್ತಿದ್ದೇನೆ. ಮೂರನೇ ಅಧ್ಯಾಯವನ್ನು ಗೈಡ್ ಮತ್ತೆ ವಾಪಸ್ ಕೊಟ್ಟರು. 'ವಾದ ಎಲ್ಲಿದೆ?' ಅಂತಷ್ಟೇ ಬರೆದಿದ್ದಾರೆ. ನನ್ನ ಭಾಷೆಯೇ ಸರಿಯಿಲ್ಲ ಅನಿಸುತ್ತದೆ. ಹತ್ತು ಪುಟ ಕಳಿಸಿದ್ದೇನೆ, ನೋಡಿ ಹೇಳಿ."

ಸಂಪಾದಕರ ಉತ್ತರ:

ಪುಟಗಳನ್ನು ಓದಿದೆ. ನಿಮ್ಮ ಭಾಷೆಗೆ ಏನೂ ಆಗಿಲ್ಲ. ತೊಡಕು ಇರುವುದು ಜೋಡಣೆಯಲ್ಲಿ. ಮೊದಲು ಕಲೀನಾದ ಲೈಬ್ರರಿಯಲ್ಲಿ ಸಿಕ್ಕ ಸ್ಮರಣ ಸಂಚಿಕೆಗಳು, ಆಮೇಲೆ ಫೋರ್ಟ್ ಪ್ರದೇಶದ ಹಳೇ ವಿದ್ಯಾರ್ಥಿಗಳ ಮಾತು, ಕೊನೆಗೆ ಹಾಜರಿ ಪುಸ್ತಕ. ಅಂದರೆ ನೀವು ಹುಡುಕಿಕೊಂಡು ಹೋದ ಕ್ರಮದಲ್ಲೇ ಬರೆದಿದ್ದೀರಿ, ಅಲ್ವಾ? ಓಡಾಡಿದ ನಿಮಗೆ ಅದು ಸಹಜ. ಓದುವವರಿಗೆ ಅದರಿಂದ ಏನೂ ಸಿಗುವುದಿಲ್ಲ. ಹುಡುಗರು ಶಾಲೆ ಬಿಟ್ಟಿದ್ದು ಓದುವ ಮನಸ್ಸಿಲ್ಲದೆ ಅಲ್ಲ, ದುಡಿಯುತ್ತಿದ್ದ ಹೋಟೆಲಿನ ಪಾಳಿ ಬದಲಾದದ್ದಕ್ಕೆ ಅನ್ನುತ್ತೀರಲ್ಲ, ಗೈಡ್ ಕೇಳಿದ ವಾದ ಅದೇ. ಅದು ಎಂಟನೇ ಪುಟದ ಕೊನೆಯಲ್ಲಿ ಅವಿತು ಕೂತಿದೆ.

ಇದು ನಿಮ್ಮೊಬ್ಬರ ಕಷ್ಟವಲ್ಲ. ಬರೆಯುವವರು ತಮಗೆ ವಿಷಯ ಹೊಳೆದ ದಾರಿಯನ್ನೇ ಮೊದಲು ಒಪ್ಪಿಸುತ್ತಾರೆ, ಓದುಗರಿಗಾಗಿ ಅದನ್ನು ಮತ್ತೆ ಕಟ್ಟಬೇಕು ಎಂದು ಬರವಣಿಗೆಯ ಬಗ್ಗೆ ಸಂಶೋಧನೆ ಮಾಡಿದ ಅಮೆರಿಕದ ಲಿಂಡಾ ಫ್ಲವರ್ 1979ರಲ್ಲೇ ಬರೆದರು. ಅವರು, ಮನಶ್ಶಾಸ್ತ್ರಜ್ಞ ಜಾನ್ ಹೇಸ್ ಇಬ್ಬರೂ ಸೇರಿ, ಬರೆಯುವಾಗ ತಲೆಯಲ್ಲಿ ಓಡುವುದನ್ನೆಲ್ಲ ಬಾಯಿಬಿಟ್ಟು ಹೇಳುವಂತೆ ಜನರನ್ನು ಕೇಳಿಕೊಂಡು ಗಮನಿಸಿದರು. ಯೋಚಿಸುವುದು, ಬರೆಯುವುದು, ತಿದ್ದುವುದು ಸಾಲಾಗಿ ನಡೆಯುವುದಿಲ್ಲ, ಒಂದರ ನಡುವೆ ಇನ್ನೊಂದು ನುಗ್ಗುತ್ತದೆ ಎಂದು 1981ರಲ್ಲಿ ಪ್ರಕಟಿಸಿದರು. ಹಾಗಾಗಿ ಈ ಕರಡಿಗೆ ನಾಚಿಕೆ ಬೇಡ. ಇದನ್ನೇ ಅಂತಿಮ ಅಂದುಕೊಳ್ಳಬೇಡಿ, ಅಷ್ಟೇ.

ಈಗ ಪ್ರಿಂಟ್ ತೆಗೆದು ಪೆನ್ಸಿಲ್ ಹಿಡಿಯಿರಿ. ಪ್ರತಿ ಪ್ಯಾರಾದ ಪಕ್ಕ ಅದು ಏನು ಹೇಳುತ್ತದೆ ಅಂತ ಒಂದೇ ಸಾಲು ಬರೆಯಿರಿ. ಮೂರನೇ ಪುಟಕ್ಕೆ ನಾನೇ ಮಾಡಿ ನೋಡಿದೆ. ನಾಲ್ಕು ಪ್ಯಾರಾಕ್ಕೂ ಒಂದೇ ಸಾಲು ಬಂತು: ದಾನಿಗಳು ಧಾರಾಳವಾಗಿ ಕೊಟ್ಟರು. (ಸ್ಮರಣ ಸಂಚಿಕೆಗಳನ್ನೇ ನಂಬಿದರೆ ಇನ್ನೇನಾಗುತ್ತದೆ? ಅವು ಇರುವುದೇ ಅದಕ್ಕೆ.) ಮೂರು ಪ್ಯಾರಾ ತೆಗೆದುಬಿಡಿ. ಪಾಳಿಯ ಮಾತನ್ನು ಮೊದಲ ಪುಟಕ್ಕೆ ತನ್ನಿ. ಪಕ್ಕದ ಸಾಲುಗಳನ್ನಷ್ಟೇ ಓದಿದರೂ ಆ ಮಾತು ಮುಂದುವರಿಯುತ್ತದಾ ನೋಡಿ.

ಇನ್ನೊಂದು ಕೆಲಸಕ್ಕೆ ತಾಳ್ಮೆ ಬೇಕು. ಬರೆದು ಏಳುವ ಮುಂಚೆ ಒಂದು ನೋಟ್‌ಬುಕ್ಕಿನಲ್ಲಿ ಎರಡು ಸಾಲು ಗೀಚಿ: ಎಲ್ಲಿ ನಿಂತೆ, ನಿಂತಾಗ ಏನು ಮಾಡಿದೆ. ತಿಂಗಳು ಕಳೆದ ಮೇಲೆ ಒಟ್ಟಿಗೆ ಓದಿ. ನನಗೆ ಈಗಲೇ ಒಂದು ಗುಮಾನಿ ಇದೆ. ನಿಮ್ಮ ಅಭಿಪ್ರಾಯ ಬರಬೇಕಾದ ಕಡೆಯಲ್ಲೆಲ್ಲ ಯಾರಾದರೂ ಹಿರಿಯರ ಉದ್ದನೆಯ ಉಲ್ಲೇಖ ಬಂದು ನಿಲ್ಲುತ್ತದೆ. ಅದು ಭಯವೋ, ಸುಮ್ನೆ ಅಭ್ಯಾಸವೋ, ನಿಮ್ಮ ನೋಟ್‌ಬುಕ್ಕೇ ಹೇಳಬೇಕು. ಭಯವಾದರೆ, ಉಲ್ಲೇಖಕ್ಕೆ ಮೊದಲು ನಿಮ್ಮ ಮಾತು ಬರೆದು ಆಮೇಲೆ ಅವರನ್ನು ಕರೆಯಿರಿ.

ಭಾನುವಾರಕ್ಕೆ ಕಾಯಬೇಡಿ. ಲೋಕಲ್ ಟ್ರೇನಿನಲ್ಲಿ ನಿಂತು ಬರೆಯಿರಿ ಅನ್ನುವಷ್ಟು ಕ್ರೂರಿಯಲ್ಲ ನಾನು. ಬೆಳಿಗ್ಗೆ ಅರ್ಧ ಗಂಟೆ ಸಾಕು.

ಅಧ್ಯಾಯ ಮತ್ತೆ ಕೊಡುವಾಗ ಮೇಲೆ ಅರ್ಧ ಪುಟದ ಚೀಟಿ ಇಡಿ: ನಾನು ಹೇಳುತ್ತಿರುವುದು ಇದು, ನನಗೆ ಅನುಮಾನ ಇರುವುದು ಇಲ್ಲಿ. ಆಗ ಗೈಡ್ ಕೂಡ ಒಂದೇ ಸಾಲು ಬರೆದು ಕೈತೊಳೆದುಕೊಳ್ಳುವುದು ಕಷ್ಟ. ಹಾಜರಿ ಪುಸ್ತಕದ ಭಾಗ ಮುಗಿದರೆ ನಮಗೂ ಒಂದು ಲೇಖನ ಕಳಿಸಿ. ಅಡಿಟಿಪ್ಪಣಿ ಬೇಡ.