ಹಳೆಯ ಸ್ಪೋರ್ಟ್ಸ್ ಕಾರಿಗೆ ಮೊದಲು ಏನು?

ಪ್ರಶ್ನೆ: ಹಳೆಯ ಟರ್ಬೊ ಸ್ಪೋರ್ಟ್ಸ್ ಕಾರೊಂದನ್ನು ಕೊಂಡಿದ್ದೇನೆ. ಇಂಜಿನ್ ಶಕ್ತಿ ಹೆಚ್ಚಿಸಿ, ಕಾರಿನ ಎತ್ತರ ತಗ್ಗಿಸಿ, ಬಣ್ಣ ಬದಲಿಸುವ ಆಸೆಯಿದೆ. ಎಲ್ಲಿಂದ ಆರಂಭಿಸಲಿ?
– ಓದುಗರೊಬ್ಬರು, ಮಡಿಕೇರಿ

ಉತ್ತರ: ಮೊದಲು ಬ್ರೇಕು ಮತ್ತು ಟೈರುಗಳಿಗೆ ಹಣ ಹಾಕಿ. ಸಂಪಾಜೆ ಘಾಟಿಯ ಉದ್ದನೆಯ ಇಳಿಜಾರಿನಲ್ಲಿ ಬ್ರೇಕು ವಿಪರೀತ ಬಿಸಿಯಾದಾಗ, ತೇವಾಂಶ ಹೀರಿಕೊಂಡಿರುವ ಹಳೆಯ ಬ್ರೇಕ್ ಆಯಿಲ್ ಕುದಿದು ಪೆಡಲ್ ಮೆತ್ತಗಾಗಿ ಬ್ರೇಕು ಸರಿಯಾಗಿ ಹಿಡಿಯದಿರಬಹುದು. ಹೊಸ ಆಯಿಲ್, ಉತ್ತಮ ಪ್ಯಾಡ್ ಮತ್ತು ನಮ್ಮ ಮಳೆಗಾಲಕ್ಕೆ ತಕ್ಕ ಟೈರು ಹಾಕಿಸಿದರೆ ಕಾರಿನ ನಡತೆಯೇ ಬದಲಾಗುತ್ತದೆ. ತಗ್ಗಿಸುವ ಆಲೋಚನೆಯನ್ನಂತೂ ಬಿಡಿ, ತೋಟದ ದಾರಿಯ ಮೊದಲ ಕಲ್ಲಿಗೇ ಅಡಿಭಾಗ ತಗಲೀತು. ಇಸಿಯು ರೀಮ್ಯಾಪ್, ಅಂದರೆ ಇಂಜಿನ್ ನಿಯಂತ್ರಿಸುವ ಕಂಪ್ಯೂಟರಿನ ಸೆಟ್ಟಿಂಗ್ ಬದಲಾವಣೆ, ಮಾಡಿಸಿದರೆ ಇಂಜಿನ್ನಿಗೆ ಗಾಳಿ ಒತ್ತಿ ತುಂಬುವ ಟರ್ಬೊದ ಒತ್ತಡ ಏರಿ ಶಕ್ತಿ ಹೆಚ್ಚುವುದು ನಿಜವಾದರೂ, ಸವೆದ ಕ್ಲಚ್ಚು ಅದನ್ನು ತಾಳಲಾರದೆ ಜಾರತೊಡಗುತ್ತದೆ. ತಯಾರಕರು ನಮೂದಿಸಿದ ವಿವರಗಳಿಗೆ ಹೊಂದದ ಮಾರ್ಪಾಡನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ನಿರ್ಬಂಧಿಸುತ್ತದೆ. ಬಣ್ಣ ಬದಲಿಸುವುದಾದರೆ ಆರ್‌ಟಿಒ ಅನುಮತಿ ಪಡೆದು ಆರ್‌ಸಿಯಲ್ಲಿ ನಮೂದು ಮಾಡಿಸಿ, ವಿಮಾ ಕಂಪನಿಗೂ ತಿಳಿಸಿ.