7.2 ಇದ್ದದ್ದು 2.4 ಆಯ್ತು, ಲಿವರ್ ವಾಸಿಯಾಯ್ತಾ?

ಪ್ರಶ್ನೆ: ಮೇಡಂ, ನಮ್ಮ ತಂದೆಗೆ ಫ್ಯಾಟಿ ಲಿವರ್ ಇದೆ. ಯುಗಾದಿ ಹೊತ್ತಿಗೆ ಫೈಬ್ರೋಸ್ಕ್ಯಾನ್ ಮಾಡಿಸಿದಾಗ 7.2 ಕಿಲೋಪಾಸ್ಕಲ್ ಬಂದಿತ್ತು. ಈಗ ಬೇರೆ ಊರಲ್ಲಿ ಎಂಆರ್‌ಐ ಎಲಾಸ್ಟೋಗ್ರಫಿ ಮಾಡಿಸಿದರೆ 2.4 ಕಿಲೋಪಾಸ್ಕಲ್. ಮನೆಯವರಿಗೆಲ್ಲ ಖುಷಿ. ತಂದೆ ಪಥ್ಯ ಬಿಡುವ ಮಾತಾಡುತ್ತಿದ್ದಾರೆ. ಇಷ್ಟು ಬೇಗ ವಾಸಿಯಾಗುತ್ತಾ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಪಥ್ಯ ಬಿಡಬೇಡಿ ಅಂತ ಮೊದಲು ತಂದೆಯವರಿಗೆ ಹೇಳಿ, ಆಮೇಲೆ ಮುಂದೆ ಓದಿ. ಎರಡೂ ಸ್ಕ್ಯಾನ್ ಹೇಳುವುದು ಲಿವರ್ ಎಷ್ಟು ಗಟ್ಟಿಯಾಗಿದೆ ಅನ್ನೋದನ್ನು; ಗಾಯದ ನಾರು ಬೆಳೆದಷ್ಟೂ ಅದು ಗಟ್ಟಿಯಾಗುತ್ತದೆ. ನಿಮ್ಮ ಎರಡೂ ರಿಪೋರ್ಟ್ ಹೇಳುತ್ತಿರುವುದು ಹೆಚ್ಚುಕಮ್ಮಿ ಒಂದೇ ಸಂಗತಿ.

ನಾನು ಡಾಕ್ಟರ್ ಅಲ್ಲ, ಆಸ್ಪತ್ರೆಯಲ್ಲಿ ಸ್ಕ್ಯಾನ್ ಯಂತ್ರಗಳನ್ನು ನೋಡಿಕೊಳ್ಳುವ ಬಯೋಮೆಡಿಕಲ್ ಎಂಜಿನಿಯರ್. ಹಾಗಾಗಿ ಲೆಕ್ಕವನ್ನೇ ಬಿಚ್ಚಿಡುತ್ತೇನೆ.

ಫೈಬ್ರೋಸ್ಕ್ಯಾನ್‌ಗೆ ತಂದೆಯವರನ್ನು ಬಲಗೈ ತಲೆಯ ಹಿಂದೆ ಇಡಿಸಿ ಮಲಗಿಸಿರುತ್ತಾರೆ. ಪಕ್ಕೆಲುಬುಗಳ ಸಂದಿಯಲ್ಲಿ ಜೆಲ್ ಹಚ್ಚಿ ಪ್ರೋಬ್ ಇಟ್ಟರೆ, ಅದು ಟಪ್ ಅಂತ ಮೆಲ್ಲಗೆ ತಟ್ಟುತ್ತದೆ. ಆ ಏಟಿಗೆ ಲಿವರ್ ಒಳಗೆ ಒಂದು ಅಲೆ ಹೊರಡುತ್ತದೆ. ಅಲ್ಟ್ರಾಸೌಂಡ್ ಅದರ ಬೆನ್ನು ಹತ್ತಿ ವೇಗ ಅಳೆಯುತ್ತದೆ. ಬಿಗಿಯಾಗಿ ಎಳೆದ ಹಗ್ಗದಲ್ಲಿ ಅಲುಗಾಟ ಬೇಗ ಓಡುತ್ತದಲ್ವಾ, ಹಾಗೇ ಗಟ್ಟಿ ಲಿವರ್‌ನಲ್ಲಿ ಅಲೆಯ ವೇಗ ಜಾಸ್ತಿ. ಯಂತ್ರ ಅಳೆಯುವುದು ಇಷ್ಟೇ. ಕಿಲೋಪಾಸ್ಕಲ್ ಆಮೇಲೆ ಸೂತ್ರದಿಂದ ಬರುತ್ತದೆ.

ಅಲೆಯ ವೇಗ ಸೆಕೆಂಡಿಗೆ 1.55 ಮೀಟರ್ ಅಂತಿಟ್ಟುಕೊಳ್ಳಿ. ಅದರ ವರ್ಗ ಸುಮಾರು 2.4. ಲಿವರ್‌ನ ಸಾಂದ್ರತೆ ಹತ್ತಿರಹತ್ತಿರ ನೀರಿನಷ್ಟೇ, ಘನ ಮೀಟರಿಗೆ 1000 ಕಿಲೋ. ಎರಡನ್ನೂ ಗುಣಿಸಿದರೆ 2400 ಪಾಸ್ಕಲ್, ಅಂದರೆ 2.4 ಕಿಲೋಪಾಸ್ಕಲ್. ಪದರದ ಮೇಲೆ ಪದರ ಜಾರದಂತೆ ಲಿವರ್ ಒಡ್ಡುವ ತಡೆ ಇದು. ಎಂಆರ್‌ಐ ಎಲಾಸ್ಟೋಗ್ರಫಿಯೂ ಲಿವರನ್ನು ಅಲುಗಾಡಿಸಿ ಅಲೆಯನ್ನೇ ನೋಡುತ್ತದೆ, ರಿಪೋರ್ಟ್‌ನಲ್ಲಿ ಇದನ್ನೇ ಬರೆಯುತ್ತದೆ. ಫೈಬ್ರೋಸ್ಕ್ಯಾನ್ ಅದನ್ನು 3ರಿಂದ ಗುಣಿಸಿ, ಎಳೆದಾಗ ಲಿವರ್ ಒಡ್ಡುವ ತಡೆಯಾಗಿ ಬರೆಯುತ್ತದೆ. ನೋಡಿ, 7.2 ಬಂತು! ಎರಡು ಬೇರೆ ಬೇರೆ ಅಳತೆ, ಎರಡಕ್ಕೂ ಒಂದೇ ಕಿಲೋಪಾಸ್ಕಲ್. ಯಾವ ತಡೆ ಅನ್ನೋದನ್ನು ಜನರಿಗೆ ಅರ್ಥವಾಗುವ ಹಾಗೆ ರಿಪೋರ್ಟ್‌ನಲ್ಲಿ ಒಂದು ಸಾಲು ಬರೆಯಬೇಕು. ಇಲ್ಲದಿದ್ದರೆ ನಿಮ್ಮ ಮನೆಯಲ್ಲಿ ಆದ ಹಾಗೇ ಆಗುತ್ತದೆ.

ಈ 3 ಎಲ್ಲಿಂದ ಬಂತು? ಲಿವರ್‌ನಲ್ಲಿ ನೀರೇ ಜಾಸ್ತಿ. ಒತ್ತಿದರೆ ಪಕ್ಕಕ್ಕೆ ಉಬ್ಬುತ್ತದೆ, ಗಾತ್ರ ಕುಗ್ಗುವುದಿಲ್ಲ. ಅಂಥ ವಸ್ತುವಿಗೆ ಮಾತ್ರ 3 ಸರಿಹೋಗುತ್ತದೆ. ಅದು ಎಲ್ಲ ದಿಕ್ಕಿಗೂ ಒಂದೇ ಥರ ಇರಬೇಕು ಅಂತಲೂ ಸೂತ್ರ ನಂಬಿಕೊಂಡಿದೆ. ಲಿವರ್ ಮಟ್ಟಿಗೆ ಇದು ನಡೆಯುತ್ತದೆ. ಮಾಂಸಖಂಡಕ್ಕೆ ನಡೆಯುವುದಿಲ್ಲ, ಅಲ್ಲಿ ಎಳೆಗಳ ಉದ್ದಕ್ಕೆ ಅಲೆ ಜೋರಾಗಿ ಓಡುತ್ತದೆ, ಅಡ್ಡಕ್ಕೆ ನಿಧಾನ.

ಹಾಗಂತ ಮನೆಯಲ್ಲಿ ಕೂತು ಸುಮ್ನೆ 3ರಿಂದ ಗುಣಿಸುತ್ತಾ, ಭಾಗಿಸುತ್ತಾ ಹೋಗಬೇಡಿ. ಲಿವರ್‌ಗೆ ಸ್ವಲ್ಪ ಅಂಟುಗುಣವೂ ಇದೆ. ಹಾಗಾಗಿ ಕಂಪನ ಚುರುಕಾದಷ್ಟೂ ಅದು ಗಟ್ಟಿಯಾಗಿ ಕಾಣುತ್ತದೆ. ಫೈಬ್ರೋಸ್ಕ್ಯಾನ್ ಸೆಕೆಂಡಿಗೆ 50 ಸಲದ ಕಂಪನ ಕೊಟ್ಟರೆ ಎಂಆರ್‌ಐ ಸಾಮಾನ್ಯವಾಗಿ 60 ಕೊಡುತ್ತದೆ. ನಿಮ್ಮಲ್ಲಿ ಲೆಕ್ಕ ಇಷ್ಟು ಚೊಕ್ಕವಾಗಿ ಕೂತಿದೆ, ಎಲ್ಲರಿಗೂ ಹೀಗೆ ಕೂರುವುದಿಲ್ಲ.

ಸೂತ್ರಕ್ಕೆ ಗೊತ್ತಾಗದ ಸಂಗತಿಗಳೂ ಇವೆ. ಊಟವಾದ ಮೇಲೆ ಲಿವರ್‌ಗೆ ರಕ್ತ ಜಾಸ್ತಿ ಹರಿದು ಅಳತೆ ಏರುತ್ತದೆ. ಲಿವರ್ ಊತ ಇದ್ದರೂ, ಹಾರ್ಟ್ ಫೇಲ್ಯೂರ್‌ನಿಂದ ರಕ್ತ ಕಟ್ಟಿಕೊಂಡಿದ್ದರೂ ಅಷ್ಟೇ. ಗಾಯದ ನಾರು ಬೆಳೆಯದೇ ಸಂಖ್ಯೆ ಮೇಲೆ ಹೋಗುತ್ತದೆ.

ಆದ್ದರಿಂದ ಮುಂದಿನ ಸಲ ಅದೇ ಥರದ ಯಂತ್ರದಲ್ಲಿ, ಕನಿಷ್ಠ ಮೂರು ಗಂಟೆ ಖಾಲಿ ಹೊಟ್ಟೆಯಲ್ಲಿದ್ದು ಮಾಡಿಸಿ. ಫೈಬ್ರೋಸ್ಕ್ಯಾನ್ ಆದರೆ ಕನಿಷ್ಠ 10 ಸಲ ಅಳೆದಿದ್ದಾರಾ ನೋಡಿ. ಐಕ್ಯೂಆರ್ ಅಂತ ಒಂದು ಶೇಕಡಾ ಕೊಟ್ಟಿರುತ್ತಾರೆ (ಆ ಅಳತೆಗಳು ಒಂದಕ್ಕೊಂದು ಎಷ್ಟು ಹೆಚ್ಚುಕಮ್ಮಿ ಇವೆ ಅನ್ನುವ ಲೆಕ್ಕ), ಅದು 30 ದಾಟಿದ್ದರೆ ಮತ್ತೆ ಅಳೆಯಲು ಕೇಳಿ. ಸದ್ಯಕ್ಕೆ ಎರಡೂ ರಿಪೋರ್ಟನ್ನು ರಕ್ತಪರೀಕ್ಷೆಯ ಜೊತೆ ನಿಮ್ಮ ಡಾಕ್ಟರಿಗೆ ತೋರಿಸಿ.